ತಂತಿಯ ಮೇಲೆ ಸುಮ್ಮನಿದ್ದವರು

ಕೆಂಪು ಸೀರೆಯ ಪಕ್ಕದಲ್ಲಿ ಬಿಳಿ ಪಂಚೆ ಒಣಹಾಕಿ ಪೇಚಾಡದ ಗೃಹಿಣಿ ಯಾರಿದ್ದಾರೆ ಹೇಳಿ? ಹತ್ತಿರ ಹಾಕಿದಷ್ಟೂ, ಹೆಚ್ಚು ಹೊತ್ತು ಬಿಟ್ಟಷ್ಟೂ, ಬಣ್ಣ ಗಾಢವಾದಷ್ಟೂ ಪಂಚೆಯ ಗತಿ ಕೆಡುತ್ತದೆ. ಟೆಲಿಫೋನ್ ತಂತಿಗಳ ಸ್ವಭಾವವೂ ಇದೇ. ಒಂದರ ಮಾತು ಇನ್ನೊಂದಕ್ಕೆ ಸೋರಲು ಅವಕ್ಕೆ ಒಂದನ್ನೊಂದು ಮುಟ್ಟುವ ಅಗತ್ಯವೂ ಇಲ್ಲ.

ಐವತ್ತರ ದಶಕದ ಕೊನೆಯಲ್ಲಿ ನಾನು ಬಂಗಾರಪೇಟೆಯಿಂದ ದಿನವೂ ರೈಲಿನಲ್ಲಿ ಊರಿಗಾಂಗೆ ಹೋಗಿ, ಚಿನ್ನದ ಗಣಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂರುತ್ತಿದ್ದೆ. ಚಾಂಪಿಯನ್ ರೀಫ್ಸ್ ಕಡೆಯ ಕಂಬಗಳ ಮೇಲೆ ಗಣಿಯಾಳದ ತಂತಿಯೂ ಊರಿನ ತಂತಿಗಳೂ ಬಹುದೂರ ಜೊತೆಜೊತೆಯಾಗಿ ಸಾಗುತ್ತಿದ್ದವು. ಅಷ್ಟು ದೂರ ಜೊತೆಗೆ ನಡೆದವರು ಗುಟ್ಟು ಉಳಿಸಿಕೊಳ್ಳುವುದುಂಟೇ! ಉಗ್ರಾಣದ ಗುಮಾಸ್ತರ ತಮಿಳು, ಮಂಡಿ ಸಾಹುಕಾರರ ತೆಲುಗು, ನಮ್ಮ ಕನ್ನಡ ಎಲ್ಲವೂ ಒಂದರೊಳಗೊಂದು ಸೋರಿ, ಕಲಸುಮೇಲೋಗರವಾಗಿ ನನ್ನ ಕಿವಿಗೆ ಬರುತ್ತಿದ್ದವು. ಲೈನ್‌ಮನ್ ಕೆಲವು ಕಂಬಗಳಿಗೊಮ್ಮೆ ಜೋಡಿ ತಂತಿಗಳ ಜಾಗವನ್ನು ಅದಲುಬದಲು ಮಾಡಿ, ಇತ್ತ ಸೋರಿದ ಸದ್ದನ್ನು ಅತ್ತ ಸೋರಿದ ಸದ್ದೇ ಅಳಿಸುವಂತೆ ಮಾಡುತ್ತಿದ್ದ. ಆದರೂ ಒಬ್ಬರು ಗಟ್ಟಿಯಾಗಿ ಕೂಗಿದರೆ ಪಕ್ಕದ ತಂತಿಯ ಬಡದನಿ ಮುಳುಗಿಯೇ ಹೋಗುತ್ತಿತ್ತು.

ಒಂದು ಬೆಳಿಗ್ಗೆ ನೆಲ ನಡುಗಿತು. ಆಳದಲ್ಲಿ ಬಂಡೆ ಸಿಡಿದಿತ್ತು. ಕೆಳಗಿನ ಪಂಪ್ ಮನೆಯಲ್ಲಿ ನನ್ನ ಅಪ್ಪ ಪಾಳಿಯಲ್ಲಿದ್ದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಕರೆ ಬಂತು. ಅಪ್ಪನದೇ ದನಿ, ಕ್ಷೀಣವಾಗಿ. ದಾರಿಯ ವಿಷಯ ಏನೋ ಹೇಳುತ್ತಿದ್ದರು, ಮಾತು ಬಿಡಿಸಿ ತಿಳಿಯುತ್ತಿರಲಿಲ್ಲ. ರಕ್ಷಣೆಗೆ ಇಳಿಯುವ ತಂಡ ಅದೊಂದು ಮಾತಿಗಾಗಿ ಕಾದು ನಿಂತಿತ್ತು. ಊರಿನ ಪ್ರತಿ ಫೋನಿನಲ್ಲೂ ತಮ್ಮವರ ಸುದ್ದಿ ಕೇಳುವವರೇ. ನಾನು ಅವರ ಲೈನಿನ ಪ್ಲಗ್ಗು ಕಿತ್ತರೂ ಅವರು "ಹಲೋ ಹಲೋ" ಎಂದು ಕೂಗುತ್ತಲೇ ಇದ್ದರು, ಕೂಗಿದ್ದೆಲ್ಲ ಅಪ್ಪನ ತಂತಿಗೆ ಸೋರುತ್ತಿತ್ತು.

ಕೊನೆಗೆ ನನಗೆ ಬರುವ ಭಾಷೆಗಳಲ್ಲೆಲ್ಲ ಒಬ್ಬೊಬ್ಬರನ್ನೂ ಬೇಡಿಕೊಂಡೆ. ಸಾಹುಕಾರರು ಸುಮ್ಮನಾದರು, ಗುಮಾಸ್ತರು ಸುಮ್ಮನಾದರು. ಉಳಿದವಳು ರೇಷನ್ ಡಿಪೋದ ಫೋನು ಹಿಡಿದಿದ್ದ ಒಬ್ಬ ಹೆಂಗಸು.

"ನಮ್ಮೋರು ಕೆಳ್ಗವ್ರೆ ತಾಯೀ, ಒಂದ್ ಮಾತು ಏಳಿ!"

"ನಮ್ಮಪ್ಪಾನೂ ಅಲ್ಲೇ ಅವ್ರೆ ಅಕ್ಕಾ. ನೀವು ಸುಮ್ಕಿದ್ರೇನೇ ನಂಗೆ ಕೇಳ್ಸೋದು."

"ಆಗ್ಲಿ ತಾಯೀ" ಎಂದಳು, ಅಷ್ಟೇ.

ತಂತಿ ತಿಳಿಯಾಯಿತು. "ಮುಂದಿನ್ ದಾರಿ ಮುಚ್ಚೋಗೈತೆ, ಪಕ್ಕದ್ ಶಾಫ್ಟಿಂದ ಬನ್ನಿ" ಎಂದ ಅಪ್ಪನ ಮಾತು ಅಕ್ಷರ ಅಕ್ಷರವಾಗಿ ಕೇಳಿಸಿತು. ತಂಡ ಪಕ್ಕದ ಇಳಿಬಾವಿಯಿಂದ ಇಳಿಯಿತು, ಸಂಜೆಗೆ ಅಪ್ಪನೂ ಜೊತೆಯವರೂ ಮೇಲೆ ಬಂದರು. ಗಣಿಯಾಳದಲ್ಲೇ ಬೇರೆ ಕಡೆ ಕೆಲಸದಲ್ಲಿದ್ದ ಅವಳ ಗಂಡ ಬರಲಿಲ್ಲ.

ಮಾತಾಡಿ ಉಪಕಾರ ಮಾಡಿದವರನ್ನು ಅವರ ಮಾತಿನಿಂದಲೇ ನೆನೆಯಬಹುದು. ಸುಮ್ಮನಿದ್ದು ಉಪಕಾರ ಮಾಡಿದವರನ್ನು ಯಾವುದರಿಂದ ನೆನೆಯೋಣ, ಗೆಳೆಯರೇ? ನನ್ನ ಅಪ್ಪ ಆಮೇಲೆ ಬದುಕಿದ ವರ್ಷಗಳೆಲ್ಲ ಒಂದೂರಿನ ಜನ ಬಾಯಿ ಮುಚ್ಚಿಕೊಂಡು ಕೊಟ್ಟ ಕೊಡುಗೆ. ಅವರಿಗೆ ನಾನು ಇಂದಿಗೂ ಋಣಿ.

ಅವಳ ಮನೆಯ ಕಾರ್ಯಗಳು ಮುಗಿದ ಮೇಲೆ ಅಪ್ಪನೊಡನೆ ಅವಳನ್ನು ನೋಡಲು ಹೋದೆ. ಅವಳು ಕೇಳಿದ್ದು ಒಂದೇ.

"ಅವತ್ತು ಬಾಯ್ಗೆ ಸೆರಗು ತುರುಕ್ಕೊಂಡು ಅತ್ಬುಟ್ಟೆ ತಾಯೀ. ನಿಮ್ಗೆ ಅಡ್ಡ ಆಯ್ತಾ?"

"ಇಲ್ಲಕ್ಕಾ, ಒಂಚೂರೂ ಕೇಳಿಸ್ಲಿಲ್ಲ" ಎಂದೆ. ನನ್ನ ಪಕ್ಕದಲ್ಲಿ ನಿಂತಿದ್ದ ಅಪ್ಪ, ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ಹಿರಿಯರು, ಬಗ್ಗಿ ಅವಳ ಕಾಲು ಮುಟ್ಟಿದರು.