ಪುಂಡಿಪಲ್ಯದ ಮಾತು

ಬೆಳಿಗ್ಗೆ ತಿಂದ ಮಂಡಕ್ಕಿ ಉಗ್ಗಾಣಿಯನ್ನು ನನ್ನ ಗಂಡ ಸಂಜೆ ಹಾಗೇ ಕಾರಿಕೊಂಡರು. ಈರುಳ್ಳಿ ಚೂರು ಕೂಡ ಕರಗಿರಲಿಲ್ಲ. ಬಾಯಿ ಒರೆಸಿಕೊಂಡು ಅವರು ಹೇಳಿದ್ದು ಒಂದೇ ಮಾತು.

"ಇದರಾಗ ಉಪ್ಪ ಇದ್ದಿಲ್ಲ."

ಇಪ್ಪತ್ತೆರಡು ವರ್ಷದಿಂದ ಇದೇ ಹಾಡು. ಸತ್ಯನಾರಾಯಣಪೇಟೆಯ ನಮ್ಮ ಮನೆಯಲ್ಲಿ ಒಂದು ದಿನವೂ "ಚಲೋ ಆಗೇತಿ" ಎಂಬ ಮಾತು ಅವರ ಬಾಯಿಂದ ಬಂದಿಲ್ಲ.

ಆಸ್ಪತ್ರೆಗೆ ಸೇರಿಸಿದೆ, ಎಂಡೋಸ್ಕೋಪಿ ಮಾಡಿದರು. ಜಠರದಿಂದ ಕರುಳಿಗೆ ಇಳಿಯುವ ಜಾಗದಲ್ಲಿ ಅಲ್ಸರ್. ಊದಿಕೊಂಡು ದಾರಿ ಮುಚ್ಚಿತ್ತು. ಮೊಣಕಾಲು ನೋವಿಗೆಂದು ನನಗೂ ಹೇಳದೆ ತಿಂಗಳುಗಟ್ಟಲೆ ನುಂಗಿದ ಪೇನ್‌ಕಿಲ್ಲರ್ ಮಾಡಿದ ಕೆಲಸ. ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಇಳಿಸಿ, ಹೊಟ್ಟೆಯ ರಸ ಹೊರಗೆ ಇಳಿಯಲೆಂದು ತುದಿಗೆ ಚೀಲ ಕಟ್ಟಿದರು. ಬಾಯಿಗೆ ಹನಿ ನೀರೂ ಇಲ್ಲ.

"ಇವರ ಮುಂದ ಊಟದ ಸುದ್ದಿನೂ ತಗಿಬ್ಯಾಡ್ರಿ ಅಮ್ಮ," ಎಂದರು ಡಾಕ್ಟರು. "ಊಟ ಹೊಟ್ಟಿಗೆ ಬಿದ್ದ ಮ್ಯಾಲ ಹಾರ್ಮೋನ್ ಆಸಿಡ್ ಸುರಿಸ್ತೈತಿ, ಅದು ಆಮೇಲಿನ ಮಾತು. ಅದಕ್ಕಿಂತ ಮೊದಲ, ವಾಸನಿ ಬಂದ್ರ ಸಾಕು, ನೆನಿಸಿಕೊಂಡ್ರ ಸಾಕು, ಮೆದುಳಿಂದ ವೇಗಸ್ ಅನ್ನೋ ನರ ಆಸಿಡ್ ಸುರಿಸು ಅಂತ ಹೊಟ್ಟಿಗೆ ಹುಕುಂ ಕೊಡ್ತೈತಿ. ಚೀಲ ತುಂಬೋದು ಕಮ್ಮಿ ಆಗಲಿಲ್ಲಂದ್ರ ಆಪರೇಷನ್ನೇ."

ನನಗೆ ಎಲ್ಲ ಅರ್ಥವಾಗಿತ್ತು. ಆದ್ದರಿಂದ ಮುಂದಿನದಕ್ಕೆ ನೆಪ ಹೇಳುವುದಿಲ್ಲ.

ಮೂರನೇ ದಿನದ ಹೊತ್ತಿಗೆ ಚೀಲ ಕಡಿಮೆ ತುಂಬುತ್ತಿತ್ತು. ಅಂದು ಮಧ್ಯಾಹ್ನ ಕುರುಗೋಡಿನಿಂದ ಇವರ ಅಕ್ಕ ಬಂದರು. ಟ್ಯೂಬ್ ತೂರಿದ ಗಂಟಲಲ್ಲೇ ಇವರು ಅಕ್ಕನಿಗೆ ದೂರು ಹೇಳಿದರು. "ಇಕಿ ಕೈಯಾಗಿಂದು ತಿಂದು ತಿಂದು ಹಿಂಗಾತು ನೋಡಕ್ಕ."

"ನಾ ಅವತ್ತ ಹೇಳಿದ್ದೆ, ಸಿರುಗುಪ್ಪದ ಸಂಬಂಧ ಬ್ಯಾಡಂತ," ಎಂದರು ಅವರಕ್ಕ, ನನ್ನ ಎದುರಿಗೇ.

ಅವರು ಹೋದ ಮೇಲೆ ಸ್ಟೂಲ್ ಎಳೆದುಕೊಂಡು ಹಾಸಿಗೆಯ ಹತ್ತಿರ ಕೂತೆ.

"ಪುಂಡಿಪಲ್ಯ ಹೆಂಗ ಮಾಡ್ತೀನಿ ಗೊತ್ತೇನ್ರಿ?"

ಹುಳಿ ಪುಂಡಿಯ ಎಳೆ ಸೊಪ್ಪು ಬಿಡಿಸುವುದರಿಂದ ಶುರು ಮಾಡಿದೆ. ಹಸಿಮೆಣಸಿನಕಾಯಿ ಜೊತೆ ಬೇಯಿಸಿ, ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಬಿಸಿ ಜೋಳದ ರೊಟ್ಟಿಯ ಮೇಲೆ ಬೆಣ್ಣೆ ಇಡುವವರೆಗೂ ಹೇಳಿದೆ. ಸಾಕು ಎಂಬಂತೆ ಅವರು ಕೈ ಎತ್ತಿದರು. ನಾನು ಬದನೆಕಾಯಿ ಎಣ್ಣೆಗಾಯಿಗೆ ಬಂದೆ. ಅವರ ಕಣ್ಣಲ್ಲಿ ನೀರಿತ್ತು. ಸುಳ್ಳೇಕೆ ಹೇಳಲಿ, ನನಗೆ ಹಿತವಾಯಿತು.

ಟ್ಯೂಬಿನಲ್ಲಿ ರಸ ಇಳಿಯತೊಡಗಿತು.

ನಿಲ್ಲಿಸಬೇಕಿತ್ತು. ಇಪ್ಪತ್ತೆರಡು ವರ್ಷ ಅವರ ನಾಲಿಗೆ ಆಡದ ಮಾತನ್ನು ಹೊಟ್ಟೆ ಆಡುತ್ತಿತ್ತು. ಹೇಗೆ ನಿಲ್ಲಿಸಲಿ?

ಮರುದಿನ ಸಿಸ್ಟರ್ ಚೀಲ ಅಳೆದರು. ಹಿಂದಿನ ದಿನಕ್ಕಿಂತ ಬಹಳ ಹೆಚ್ಚು. ಡಾಕ್ಟರು ಹುಬ್ಬು ಗಂಟಿಕ್ಕಿದರು.

"ಏನರ ತಿನ್ನಿಸಿದ್ರೇನು?"

"ಇಲ್ಲ ಸಾರ್."

"ಇನ್ನೆರಡು ದಿನ ನೋಡ್ತೀನಿ. ಇಳೀಲಿಲ್ಲಂದ್ರ ಕೊಯ್ಯೋದ."

ಗಂಡ ನನ್ನನ್ನೇ ನೋಡುತ್ತಿದ್ದರು. ನಾನು ಮಾಡಿದ್ದನ್ನು ಅವರು ಹೇಳಿಬಿಡಬಹುದಿತ್ತು. ಹೇಳಲಿಲ್ಲ.

ಆ ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡೆ. ಆಸ್ಪತ್ರೆಯ ಹೊರಗೆ ಹೋಗಿ ಎರಡು ತುತ್ತು ತಿಂದು, ವಾಸನೆ ಉಳಿಯದಿರಲೆಂದು ಸೋಪಿನಿಂದ ಮೂರು ಮೂರು ಸಲ ಕೈ ತೊಳೆದೆ. ನನ್ನ ಕೋಪಕ್ಕೆ ಅವರ ಹೊಟ್ಟೆ ಕೊಯ್ಯುತ್ತಾರೆಂಬ ಹೆದರಿಕೆಗೆ ಕುರುಗೋಡಿನ ಬಸವಣ್ಣನಿಗೂ ಕೈ ಮುಗಿದೆ.

ಊತ ಇಳಿಯಿತು. ದಾರಿ ಬಿಟ್ಟುಕೊಂಡಿತು. ಟ್ಯೂಬ್ ತೆಗೆದರು.

ಈಗ ಮನೆಯಲ್ಲಿದ್ದೇವೆ. ಮೊದಲ ಚಮಚ ಗಂಜಿ ನುಂಗಿ, "ಉಪ್ಪ ಇಲ್ಲ," ಎಂದರು. ಬದುಕಿದರು ಅಂದುಕೊಂಡೆ. ಉಪ್ಪಿನ ಡಬ್ಬಿ ತರಲು ಎದ್ದಾಗ ಹಿಂದಿನಿಂದ ಮೆಲ್ಲಗೆ ಕೇಳಿದರು.

"ಪುಂಡಿಪಲ್ಯ ತಿನ್ನಾಕ ಡಾಕ್ಟ್ರು ಯಾವಾಗ ಬಿಡ್ತಾರಂತ?"

"ಬಿಡಂಗಿಲ್ಲಂತ," ಎಂದೆ.

ಎರಡು ತಿಂಗಳು ಕಳೆದ ಮೇಲೆ ಸ್ವಲ್ಪ ಸ್ವಲ್ಪ ಕೊಡಬಹುದೆಂದು ಡಾಕ್ಟರು ಹೇಳಿದ್ದಾರೆ. ಅದನ್ನು ಅವರಿಗೆ ಇನ್ನೂ ತಿಳಿಸಿಲ್ಲ. ನನ್ನ ಪಲ್ಯ ಚಲೋ ಇರುತ್ತಿತ್ತೆಂದು ಒಮ್ಮೆ ಬಾಯಿ ಬಿಟ್ಟು ಹೇಳಲಿ, ಆಮೇಲೆ ನೋಡೋಣ.