ತೊಳೆದ ಗಾಯದ ಫೋಟೋ

ಕೊರೊನಾ ಹಾವಳಿ ಇಳಿದ ಮರುವರ್ಷ ನಾನು ಜಮಖಂಡಿಯ ಒಂದು ಆಸ್ಪತ್ರೆಯಲ್ಲಿ ಹಿರಿಯ ನರ್ಸ್ ಆಗಿದ್ದೆ. ಇಪ್ಪತ್ತೆರಡು ವರ್ಷ ಡ್ರೆಸ್ಸಿಂಗ್ ಕೋಣೆಯಲ್ಲಿ ಗಾಯ ತೊಳೆದವಳನ್ನು ಆ ವರ್ಷ ಅಲ್ಲಿಂದ ಎಬ್ಬಿಸಿ ವಿಮೆಯ ಮೇಜಿನ ಮುಂದೆ ಕೂರಿಸಿದ್ದರು. ಸೊಂಟನೋವು ಅಂತ ನಾನೇ ಎರಡು ಸಲ ಅರ್ಜಿ ಕೊಟ್ಟಿದ್ದರಿಂದ ಯಾರನ್ನೂ ದೂರುವಂತಿರಲಿಲ್ಲ. ಮುಧೋಳ, ಬೀಳಗಿ, ತುಬಚಿ, ಬನಹಟ್ಟಿ ಕಡೆಯಿಂದ ಬಿಪಿಎಲ್ ಕಾರ್ಡಿನವರು ಬಂದರೆ ಸರ್ಕಾರಿ ಆರೋಗ್ಯ ವಿಮೆಯಲ್ಲಿ ಅವರ ಚಿಕಿತ್ಸೆಗೆ ಮೊದಲೇ ಒಪ್ಪಿಗೆ ತರಿಸುವುದು ನನ್ನ ಕೆಲಸ. ಇದಕ್ಕೆ ಪ್ರೀ-ಆಥ್ ಎನ್ನುತ್ತಾರೆ. ವೈದ್ಯರ ಟಿಪ್ಪಣಿ, ರಕ್ತದ ವರದಿ, ಗಾಯವಿದ್ದರೆ ಗಾಯದ ಫೋಟೋ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಬೇಕು. ದೂರದ ಊರಿನಲ್ಲಿ ಕುಳಿತ ಒಬ್ಬ ವೈದ್ಯರು ಅದನ್ನು ನೋಡಿ ಹೂಂ ಅನ್ನಬೇಕು, ಇಲ್ಲವೇ ಉಹೂಂ ಅನ್ನಬೇಕು. ರೋಗಿಯನ್ನು ಅವರು ಕಣ್ಣಾರೆ ನೋಡುವುದೇ ಇಲ್ಲ.

ಈರಪ್ಪ ಬನಹಟ್ಟಿಯ ನೇಕಾರ, ಐವತ್ತರ ಆಸುಪಾಸಿನವನು. ಪವರ್‌ಲೂಮ್ ಅಲ್ಲ, ಮನೆಯಲ್ಲೇ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಅಂಚಿನ ಮೇಲೆ ಕುಳಿತು, ಕೆಳಗಿನ ಮರದ ಪಟ್ಟಿಗಳನ್ನು ಒಂದಾದ ಮೇಲೊಂದು ತುಳಿಯುತ್ತ ಸೀರೆ ನೇಯುವುದು. ಮಗ್ಗ ಅವರಿಗೆ ದೇವರು, ಚಪ್ಪಲಿ ಹಾಕಿಕೊಂಡು ಯಾರೂ ಅದರೊಳಗೆ ಇಳಿಯುವುದಿಲ್ಲ. ಅವನಿಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ, ಅಂಗಾಲಿಗೆ ಸ್ಪರ್ಶವೇ ಇರಲಿಲ್ಲ. ಪಟ್ಟಿಯಿಂದ ಎದ್ದ ಚಕ್ಕೆಯೊಂದು ಹೆಬ್ಬೆರಳಿನ ಬುಡದಲ್ಲಿ ಹೊಕ್ಕು ಎಷ್ಟು ದಿನವಾಗಿತ್ತೋ, ಅವನಿಗೇ ಗೊತ್ತಿರಲಿಲ್ಲ. ಹೆಂಡತಿ ಮಹಾದೇವಿ ಕುಣಿ ಗುಡಿಸಲು ಇಳಿದಾಗ ಪಟ್ಟಿಯ ಮೇಲೆ ಕೀವು ಮೆತ್ತಿದ್ದು ಕಂಡು, ಮರುದಿನವೇ ಅವನನ್ನು ಎಳೆದುಕೊಂಡು ಬಂದಿದ್ದಳು.

ನಮ್ಮ ಸರ್ಜನ್ ನೋಡಿ, ಅಡ್ಮಿಟ್ ಮಾಡಿ ಎಂದರು. ಸತ್ತ ಮಾಂಸ ತೆಗೆದು, ಎರಡು ವಾರ ನರಕ್ಕೆ ಆ್ಯಂಟಿಬಯಾಟಿಕ್ ಕೊಟ್ಟು, ಕಾಲು ನೆಲಕ್ಕೆ ಊರದಂತೆ ಮಲಗಿಸಿದರೆ ಪಾದ ಖಂಡಿತ ಉಳಿಯುತ್ತದೆ ಎಂದರು. ಈರಪ್ಪ ಕೇಳಿದ್ದು ಒಂದೇ, ಮತ್ತೆ ಮಗ್ಗ ತುಳಿಯಬಹುದೇ ಅಂತ. ತುಳಿಯಬಹುದು ಎಂದರು.

ಆ ಹೊತ್ತಿಗೆ ಡ್ರೆಸ್ಸಿಂಗ್ ಕೋಣೆಯ ಹುಡುಗಿ ಊಟಕ್ಕೆ ಹೋಗಿದ್ದಳು. ಗಾಯಕ್ಕೆ ಸುತ್ತಿದ್ದ ಬಟ್ಟೆ, ಅದರ ಕೆಳಗಿನ ಅರಿಶಿನ, ಆ ವಾಸನೆ ನೋಡಿ ನನ್ನ ಕೈ ಸುಮ್ಮನಿರಲಿಲ್ಲ. ಸಲೈನ್ ಸುರಿದು ತೊಳೆದೆ. ಸಡಿಲಾದ ಸತ್ತ ಚರ್ಮ ಕತ್ತರಿಸಿದೆ, ಕೀವು ಹಿಂಡಿದೆ. ಗಾಯ ಕೆಂಪಗೆ ತಿಳಿಯಾಯಿತು. ಮೇಜಿನ ಮುಂದೆ ಕೂರಿಸಿದರೂ ಕೈಗೆ ಮರೆವು ಬಂದಿಲ್ಲ ಅಂತ ನನಗೆ ನಾನೇ ಹೆಮ್ಮೆ ಪಟ್ಟುಕೊಂಡೆ. ಆಮೇಲೆ ಫೋಟೋ ತೆಗೆದೆ.

ಮರುದಿನ ಉತ್ತರ ಬಂತು. ಗಾಯ ಸ್ವಚ್ಛವಾಗಿದೆ, ಒಳರೋಗಿಯಾಗಿ ಸೇರಿಸುವ ಅಗತ್ಯ ಕಾಣುವುದಿಲ್ಲ, ಹೊರರೋಗಿಯಾಗಿ ಡ್ರೆಸ್ಸಿಂಗ್ ಮಾಡಬಹುದು ಎಂದಿತ್ತು. ಹೊರರೋಗಿಯ ಡ್ರೆಸ್ಸಿಂಗ್ ವಿಮೆಯಲ್ಲಿ ಬರುವುದಿಲ್ಲ. ಗಾಯದ ಮೇಲೆ ಭಾರ ಬೀಳದಂತೆ ಹಾಕುವ ಪ್ಲಾಸ್ಟರ್ ಬರುವುದಿಲ್ಲ, ಮೆತ್ತನೆಯ ರಬ್ಬರಿನ ಚಪ್ಪಲಿಯೂ ಬರುವುದಿಲ್ಲ. ಸರ್ಜನ್ ಪತ್ರ ಬರೆದರು. ವಿಮೆಯವರು ಮೂಳೆಯ ಎಕ್ಸ್‌ರೇ ಕೇಳಿದರು, ಕಳಿಸಿದೆವು. ಮೂಳೆ ಚೆನ್ನಾಗಿತ್ತು, ಹಾಗಾಗಿ ಮತ್ತೆ ಉಹೂಂ ಬಂತು. ಬೇರೆ ಯಾವ ದಿನವಾದರೂ ನಾನು ಅದಕ್ಕೆ ದೇವರಿಗೆ ಕೈಮುಗಿಯುತ್ತಿದ್ದೆ, ಅವತ್ತು ತಲೆಗೆ ಕೈ ಹಚ್ಚಿಕೊಂಡು ಕುಳಿತೆ. ಕಡೆಗೆ ಆ ವೈದ್ಯರಿಗೇ ಫೋನ್ ಹಚ್ಚಿ, ಸಾರ್, ಫೋಟೋಕ್ಕಿಂತ ಮೊದಲು ನಾನೇ ತೊಳೆದಿದ್ದೆ ಎಂದೆ. ಅವರು ಸಿಟ್ಟಾಗಲಿಲ್ಲ.

"ಫೋಟೋದಲ್ಲಿ ಕಾಣದೇ ಇರೋದನ್ನ ನಾನು ಹೇಗೆ ಒಪ್ಪಲಿ, ಸಿಸ್ಟರ್?"

ಅವರ ಮಾತಿನಲ್ಲಿ ತಪ್ಪೇನಿತ್ತು? ಕೊಳಕಾಗಿಯೇ ಕಳಿಸಿದ್ದರೆ ಹೂಂ ಅನ್ನುತ್ತಿದ್ದರು. ಶುಚಿ ಮಾಡುವುದೇ ನರ್ಸಿನ ಮೊದಲ ಕೆಲಸ ಅಂತ ಕಲಿತು ಬಂದವಳಿಗೆ ಅದು ಹೊಳೆಯಲಿಲ್ಲ. "ನಿಮ್ಮ ಕೈಗುಣ ಭಾಳ ಛಲೋ ಐತಿ ಬಿಡ್ರಿ" ಎಂದು ಸರ್ಜನ್ ಒಂದು ಮಾತು ಹೇಳಿ ಹೊರಟುಹೋದರು.

ಡ್ರೆಸ್ಸಿಂಗಿಗೆ ನಾವು ಏನೂ ತೆಗೆದುಕೊಳ್ಳಲಿಲ್ಲ. ಆದರೆ ಬನಹಟ್ಟಿಯಿಂದ ದಿನಾ ಬಸ್ ಹತ್ತಿ ಬಂದು, ಸಾಲಿನಲ್ಲಿ ಕುಳಿತು, ತಿರುಗಿ ಹೋಗುವಷ್ಟರಲ್ಲಿ ಮಗ್ಗದ ಒಂದು ದಿನ ಮುಗಿಯುತ್ತದೆ. ಕಾಲು ಊರಬೇಡ ಎನ್ನುತ್ತಿದ್ದವಳು ನಾನೇ, ಬಸ್ ಸ್ಟ್ಯಾಂಡಿನಿಂದ ದಿನಾ ನಡೆದು ಬರುವಂತೆ ಮಾಡಿದವಳೂ ನಾನೇ. ಎಂಟು ದಿನ ಬಂದ. ಆಮೇಲೆ ದಿನ ಬಿಟ್ಟು ದಿನ ಬಂದ. ಆಮೇಲೆ ಬರಲಿಲ್ಲ. ಫೋನ್ ಮಾಡಿದರೆ ಮಹಾದೇವಿ ಎತ್ತಿದಳು. ಮಗ್ಗದ ಮೇಲೆ ಅರ್ಧ ಸೀರೆ ನಿಂತಿದೆ, ಕುಣಿಗೆ ಇಳಿದಿದ್ದಾರೆ ಎಂದಳು. ನಿಲ್ಲಿಸು ಎಂದು ನಾನು ಗದರಿದೆ.

"ನೋವಿಲ್ಲ ಅಂತಾರ್ರಿ ಅಕ್ಕಾರ. ನೋವಿಲ್ಲದ ಮನಷಾನ್ನ ಹೆಂಗ ಹಿಡಿದು ಕುಂದರಸ್ಲಿ?"

ಬನಹಟ್ಟಿ ಏನು ದೂರ? ಒಂದು ರವಿವಾರ ನಾನೇ ಹೋಗಿ ಬರಬಹುದಿತ್ತು. ಹೋಗಲಿಲ್ಲ. ಮೇಜಿನ ಮೇಲೆ ಕಾಗದದ ರಾಶಿ ಬಿದ್ದಿತ್ತು ಅಂತ ಈಗ ಹೇಳಬಹುದು. ಖರೆ ಹೇಳಬೇಕೆಂದರೆ, ಅವನ ಮುಖ ನೋಡಲು ನನಗೆ ನಾಚಿಕೆಯಾಗುತ್ತಿತ್ತು.

ಒಂದೂವರೆ ತಿಂಗಳಾದ ಮೇಲೆ ಟಂಟಂ ಆಟೋದಲ್ಲಿ ಮಲಗಿಸಿಕೊಂಡು ಬಂದರು. ಮೈ ಸುಡುತ್ತಿತ್ತು, ಮಾತು ತೊದಲುತ್ತಿತ್ತು, ಪಾದ ಹಿಮ್ಮಡಿಯವರೆಗೆ ಕಪ್ಪಾಗಿತ್ತು. ಈ ಸಲ ನಾನು ತೊಳೆಯಲಿಲ್ಲ. ನೊಣ ಕೂತಿದ್ದರೂ ಅದನ್ನು ಓಡಿಸದೆ ಮೊದಲು ಫೋಟೋ ತೆಗೆದೆ. ಊಟದ ಗಂಟೆ ಹೊಡೆಯುವ ಮೊದಲೇ ಒಪ್ಪಿಗೆ ಬಂತು. ಮೊಳಕಾಲಿನ ಕೆಳಗೆ ಕಾಲು ತೆಗೆಯುವುದಕ್ಕೆ ಯೋಜನೆಯಲ್ಲಿ ಒಂದು ಪೂರ್ತಿ ಪ್ಯಾಕೇಜೇ ಇದೆ. ಆಪರೇಷನ್, ಅರಿವಳಿಕೆ, ಔಷಧಿ, ಹಾಸಿಗೆ, ಊಟ ಎಲ್ಲ ಅದರಲ್ಲಿ ಬರುತ್ತವೆ. ಡ್ರೆಸ್ಸಿಂಗ್ ಕೂಡ ಬರುತ್ತದೆ. ಆ ಸಾಲನ್ನು ನಾನು ಎರಡು ಸಲ ಓದಿದೆ. ಕಾಲು ಇದ್ದಾಗ ಸಿಗದ ಡ್ರೆಸ್ಸಿಂಗ್ ಕಾಲು ಹೋದ ಮೇಲೆ ಸಿಕ್ಕಿತ್ತು.

ಮನೆಗೆ ಕಳಿಸುವ ದಿನ ಈರಪ್ಪ ಗಾಲಿಕುರ್ಚಿಯಲ್ಲಿ ನನ್ನ ಮೇಜಿನ ಹತ್ತಿರ ಬಂದು ಕೈಮುಗಿದ.

"ಕಾರ್ಡ್ ಇತ್ತು, ಛಲೋ ಆತ್ರಿ ಅಕ್ಕಾರ. ಇಲ್ಲಂದ್ರ ನನ್ನಂಥಾವನ ಕಾಲು ಯಾರು ತಗೀತಿದ್ರು?"

ಅಣಕವಲ್ಲ, ಮನಸಾರೆ ಹೇಳಿದ. ಮೊದಲ ಫೋಟೋದ ಸಂಗತಿ ಅವನಿಗೆ ಆಗಲೇ ಹೇಳಿಬಿಡಬೇಕಿತ್ತು. ಇವತ್ತಿಗೂ ಹೇಳಿಲ್ಲ.

ಆಮೇಲಿಂದ ಹೊಸ ಹುಡುಗಿಯರಿಗೆ, ಮೊದಲು ಫೋಟೋ ತೆಗೆಯಿರಿ, ಆಮೇಲೆ ತೊಳೆಯಿರಿ ಎಂದು ಹೇಳಿಕೊಟ್ಟೆ. ನಾನು ಕಲಿತ ನರ್ಸಿಂಗಿಗೆ ಇದು ತಿರುವುಮುರುವು ಎಂದು ಗೊತ್ತಿದ್ದೇ ಹೇಳಿಕೊಟ್ಟೆ. ತೆಗೆದ ಕಾಲಿಗೆ ಲೆಕ್ಕವಿದೆ, ಉಳಿಸಿದ ಕಾಲನ್ನು ತೋರಿಸಲು ಆ ಕಂಪ್ಯೂಟರಿನಲ್ಲಿ ಒಂದು ಖಾನೆಯೂ ಇಲ್ಲ. ನೌಕರಿ ನನಗೆ ಕಲಿಸಿದ ಪಾಠ ಇದು, ಕಲಿಯದಿದ್ದರೆ ಚೆನ್ನಾಗಿತ್ತು.

ನಿವೃತ್ತಿಗೆ ಕೆಲವು ತಿಂಗಳಿದ್ದಾಗ ಮಹಾದೇವಿ ಒಬ್ಬಳೇ ಬಂದಳು. ಈರಪ್ಪ ಮೇಲೆ ಕುಳಿತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾನೆ, ಕುಣಿಗೆ ಈಗ ಇಳಿಯುವವಳು ತಾನು ಎಂದಳು. ಹೋದ ವರ್ಷ ಅವಳಿಗೂ ಸಕ್ಕರೆ ಕಾಯಿಲೆ ಗೊತ್ತಾಗಿತ್ತು. ಕುರ್ಚಿಯಲ್ಲಿ ಕುಳಿತು ಎಡಗಾಲು ಎತ್ತಿ ತೋರಿಸಿದಳು. ಅಂಗಾಲಿನಲ್ಲಿ ಹುಣಸೆ ಬೀಜದಷ್ಟು ಗಾಯ. ಇದಕ್ಕೆ ಕಾರ್ಡ್ ನಡೆಯುತ್ತದೆಯೇ ಎಂದು ಕೇಳಿದಳು. ಇಷ್ಟಕ್ಕೆ ನಡೆಯುವುದಿಲ್ಲ ಎಂದೆ.

"ಹಂಗಾರ ಎಷ್ಟು ದೊಡ್ಡದಾಗಬೇಕ್ರಿ?"

ಎಷ್ಟು ಅಂತ ನನಗೆ ಗೊತ್ತಿತ್ತು.