ಎಲ್ಲರಿಗೂ ಪಾಲು ಕೊಟ್ಟ ನೇಮಣ್ಣ

ನೇಮಣ್ಣನ ಬಾಯಲ್ಲಿ 'ಸಾಲ' ಎಂಬ ಮಾತನ್ನು ನಾನು ಒಮ್ಮೆಯೂ ಕೇಳಲಿಲ್ಲ. ಬೇರೆಯವರು ಆಡಿದರೆ ನೊಣ ಓಡಿಸುವಂತೆ ಕೈ ಬೀಸುತ್ತಿದ್ದ. "ಅದನ್ನ ಕೊಟ್ಟಾವ ಬಾಗಿಲದಾಗ ನಿಂದರತಾನ್ರಿ ಮಾಸ್ತರ್ರ, ಪಾಲುದಾರ ಮನಿಯೊಳಗ ಕುಂದರತಾನ!"

ಮಹಾಂತೇಶ ನಗರದಲ್ಲಿ ಅವನದು ನಮ್ಮ ಪಕ್ಕದ ಮನೆ. ಲೇಔಟ್ ಮಾಡಲು ಹೊರಟಾಗ ಅವನ ಬಳಿ ಇದ್ದದ್ದು ಒಂದು ಬಿಳಿ ಸಫಾರಿ ಸೂಟು, ಒಂದು ಬಣ್ಣದ ನಕ್ಷೆ. ಖಾನಾಪುರ ತಾಲೂಕಿನ ಪಾರಿಶ್ವಾಡದಲ್ಲಿ ಗಂಗವ್ವ ಎಂಬಾಕೆಯ ನಾಲ್ಕು ಎಕರೆ ಜೋಳದ ಹೊಲ ಆ ನಕ್ಷೆಯಲ್ಲಿ ಪ್ಲಾಟು, ಉದ್ಯಾನ, ಈಜುಕೊಳ ಆಗಿತ್ತು. ಭೂಮಿ ಗಂಗವ್ವನ ಪಾಲು. ರಸ್ತೆ, ಗಟಾರದ ಖರ್ಚು ನೆಹರು ನಗರದ ಇಬ್ಬರು ಡಾಕ್ಟರರ ಪಾಲು. ಪರವಾನಗಿಯ ಖರ್ಚು, ಆಗಷ್ಟೇ ನಿವೃತ್ತನಾಗಿದ್ದ ನನ್ನ ಪಾಲು.

ಆಳಿಗೆ ತಕ್ಕ ಮಾತು ಅವನದು. ಡಾಕ್ಟರರಿಗೆ ಲಾಭ ಹೇಳಿದ. ನನಗೆ, "ನಿಮ್ಮಂಥಾ ಸಜ್ಜನರ ಹೆಸರಿದ್ದರ ಮಂದಿ ನಂಬತಾರ್ರಿ. ರೊಕ್ಕೇನ್ ದೊಡ್ಡದಲ್ಲ," ಎಂದ. ಹೆಸರಿನ ಹೆಮ್ಮೆಯಲ್ಲಿ ನಾನು ರೊಕ್ಕವನ್ನೂ ಕೊಟ್ಟೆ.

ಒಂದು ಭಾನುವಾರ ನಮ್ಮನ್ನೆಲ್ಲ ಹೊಲಕ್ಕೆ ಕರೆದೊಯ್ದ. ಬದುವಿನ ಮೇಲೆ ನಿಂತು ಈಜುಕೊಳ ತೋರಿಸುತ್ತಿದ್ದಾಗ ಗಂಗವ್ವ ಕೇಳಿದಳು:

"ಯಪ್ಪಾ, ಹೊಲಾ ನಂದು, ರೊಕ್ಕಾ ಇವರದು. ನಿಂದೇನು?"

"ನಂದು ತಲಿ, ಯವ್ವಾ!"

"ಹಂಗಾರ ನಾ ಈಗ ಹೆಬ್ಬೆಟ್ಟು ಒತ್ತಂಗಿಲ್ಲ. ಪರವಾನಗಿ ತಂದು ತೋರಸು, ಆಮ್ಯಾಲ ನೋಡೂಣು."

ಡಾಕ್ಟರರು ನಕ್ಕರು. ಮೂವತ್ತು ವರ್ಷ ಗಣಿತ ಕಲಿಸಿದ ನಾನೂ ನಕ್ಕೆ.

ಪರವಾನಗಿ ಬರಲೇ ಇಲ್ಲ. ಗಂಗವ್ವನ ಹೊಲ ಗಂಗವ್ವನಿಗೇ ಉಳಿಯಿತು. ನಮ್ಮ ರೊಕ್ಕ ಮಾತ್ರ ಸ್ವಾಗತದ ಕಮಾನು, ಗಾಜಿನ ಆಫೀಸು, ಭೂಮಿಪೂಜೆಯ ಹೋಳಿಗೆ ಊಟವಾಗಿ ಕರಗಿತ್ತು. ಕೇಳಿದರೆ ನೇಮಣ್ಣ ಶಾಂತವಾಗಿ, "ಪಾಲುದಾರ ಅಂದಮ್ಯಾಲ ಲುಕ್ಸಾನದಾಗೂ ಪಾಲು ಇರತೈತ್ರಿ," ಎಂದ. ಪಾಲುದಾರಿಕೆಯ ಕಾಗದ ತೆಗೆದು ನೋಡಿದೆ. ಹಾಗೆಯೇ ಬರೆದಿತ್ತು, ಕೆಳಗೆ ನನ್ನದೇ ಸಹಿ. ಮರುವಾರ, ಗೋವಾದಲ್ಲಿ ದೊಡ್ಡ ಪಾಲುದಾರ ಸಿಕ್ಕಿದ್ದಾನೆಂದು ಹೇಳಿ ಹೋದವನು ತಿರುಗಿ ಬರಲಿಲ್ಲ.

ಎರಡು ತಿಂಗಳು ಕಾದು, ಜಗಳವಾಡಿಯೇ ಬರುವೆನೆಂದು ಅವನ ಮನೆಗೆ ಹೋದೆ. ಹೆಂಡತಿ ಪದ್ಮಕ್ಕ, "ಬರ್ರಿ, ಕುಂದರ್ರಿ," ಎಂದು ಚಹಾ ಕೊಟ್ಟಳು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಒಂದು ಕಾಗದ ತಂದು ಕೈಗಿತ್ತಳು. ನನ್ನಲ್ಲಿದ್ದಂಥದ್ದೇ. ಅವಳ ತವರಿನ ಬಂಗಾರಕ್ಕೆ ಗಂಡ ಬರೆದುಕೊಟ್ಟ ಪಾಲು.

"ಓದಾಕ ಬರತೈತ್ರಿ, ತಿಳಿಯಂಗಿಲ್ಲ," ಎಂದಳು. "ಇದರಾಗ ನನಗ ಏನರೆ ಬರೂದೈತೇನ್ರಿ?"

ಅವಳ ಕೈಯಲ್ಲಿ ಗಾಜಿನ ಬಳೆಗಳು ಮಾತ್ರ ಇದ್ದವು. ಉತ್ತರ ಗೊತ್ತಿದ್ದರೂ ನಾನು ಕನ್ನಡಕ ಹಾಕಿಕೊಂಡು, ಮೊದಲಿನಿಂದ, ನಿಧಾನವಾಗಿ ಓದತೊಡಗಿದೆ.